ಯಶವಂತ ಸಿನ್ಹಾ ಅವರ ಆ ಏಳು ತಿಂಗಳು: ‘ಚಿನ್ನ ಅಡ ಇಟ್ಟ ಮಂತ್ರಿ’ ಅಂತ ಅಷ್ಟಕ್ಕೇ ಮುಗಿಸಬಹುದಾ?

ತುಂಗಾತೀರ

ಹೋದ ವಾರ ನಮ್ಮ ಮನೆಯಲ್ಲಿ ನಾಮಕರಣ ಇತ್ತು. ಊಟ ಮುಗಿಸಿ ಎಲ್ಲರೂ ಜಗಲಿಯಲ್ಲಿ ಕೂತಿದ್ದರು. ಚಿನ್ನದ ಬೆಲೆಯ ಮಾತು ಬಂತು. ಅಲ್ಲಿಂದ ದೊಡ್ಡಪ್ಪ ನೇರ 1991ಕ್ಕೆ, ಆಮದಿಗೆ ಕಟ್ಟಲು ದೇಶದ ಹತ್ತಿರ ಡಾಲರ್ ಮುಗಿಯುತ್ತಾ ಬಂದ ವರ್ಷಕ್ಕೆ, ಹೋದರು. ‘ದೇಶದ ಚಿನ್ನ ತಗೊಂಡು ಹೋಗಿ ಅಡ ಇಟ್ಟ ಪುಣ್ಯಾತ್ಮ ಅವನು’ ಅಂದರು. ಯಾರು ಅಂತ ಕೇಳಿದರೆ ಹೆಸರು ನೆನಪಿಲ್ಲ. ಪಕ್ಕದಲ್ಲಿದ್ದವರು ಮನಮೋಹನ್ ಸಿಂಗ್ ಅಂದರು. ಇನ್ನೊಬ್ಬರು ಚಂದ್ರಶೇಖರ್ ಅಂದರು.

ನಾನು ಯಶವಂತ ಸಿನ್ಹಾ ಅಂದೆ. ಯಾರೂ ನಂಬಲಿಲ್ಲ. ‘ಅವರು ವಾಜಪೇಯಿ ಕಾಲದವರಲ್ವಾ?’ ಅಂತ ನನ್ನನ್ನೇ ಕೇಳಿದರು.

ಹೌದು, ವಾಜಪೇಯಿ ಸರ್ಕಾರದಲ್ಲಿ ನಾಲ್ಕು ವರ್ಷಕ್ಕೂ ಜಾಸ್ತಿ ಹಣಕಾಸು ಸಚಿವರಾಗಿದ್ದರು. ಆದರೆ ಅದಕ್ಕೆ ಮೊದಲು ಒಂದು ಸಲ, 1990ರ ನವೆಂಬರ್‌ನಿಂದ 1991ರ ಜೂನ್ 21ರವರೆಗೆ, ಚಂದ್ರಶೇಖರ್ ಸರ್ಕಾರದಲ್ಲಿ ಅದೇ ಕುರ್ಚಿಯಲ್ಲಿ ಕೂತಿದ್ದರು. ಏಳು ತಿಂಗಳು. ಅದರಲ್ಲಿ ಮೂರೂವರೆ ತಿಂಗಳು ರಾಜೀನಾಮೆ ಕೊಟ್ಟ ಹಂಗಾಮಿ ಸರ್ಕಾರ. ಒಂದು ಪೂರ್ಣ ಬಜೆಟ್ ಕೂಡ ಮಂಡಿಸಲಾಗಲಿಲ್ಲ.

ನನಗೆ ಅನ್ನಿಸುವುದು ಇಷ್ಟು. ಆ ಏಳು ತಿಂಗಳ ಅವಮಾನವೆಲ್ಲ ಅವರ ಹೆಸರಿಗೆ ಬಿತ್ತು, ಇಲ್ಲವೇ ಹೆಸರೇ ಇಲ್ಲದೆ ಉಳಿಯಿತು. ಮಾಡಿದ ಕೆಲಸ ಮಾತ್ರ ಯಾರ ಲೆಕ್ಕಕ್ಕೂ ಬರಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ಒಳಗೆ ಇದ್ದವನನ್ನೇ ಬೆಂಕಿ ಇಟ್ಟವನು ಅಂದ ಹಾಗಾಯಿತು. ನಿಮಗೆ ಏನನ್ನಿಸುತ್ತದೆ? ಆ ಕಾಲ ಕಂಡವರು ಇದ್ದರೆ ದಯವಿಟ್ಟು ಬರೆಯಿರಿ.

ಕಾಮರ್ಸ್ ಮೇಷ್ಟ್ರು

ಒಳ್ಳೆ ವಿಷಯ ಎತ್ತಿದ್ದೀರಿ. ಮೊದಲು ಚಿನ್ನದ ಗೊಂದಲ ಬಿಡಿಸೋಣ. ಇದನ್ನು ಪ್ರತಿ ವರ್ಷ ತರಗತಿಯಲ್ಲಿ ಬೋರ್ಡ್ ಮೇಲೆ ಬರೆದು ಹೇಳುತ್ತೇನೆ. ಆದರೂ ಉತ್ತರ ಪತ್ರಿಕೆಯಲ್ಲಿ ಎರಡನ್ನೂ ಕಲಸಿಬಿಡುತ್ತಾರೆ.

ಚಿನ್ನ ಹೊರಗೆ ಹೋಗಿದ್ದು ಒಂದು ಸಲ ಅಲ್ಲ, ಎರಡು ಸಲ.

ಮೊದಲನೆಯದು 1991ರ ಮೇ ತಿಂಗಳು. ಹಣಕಾಸು ಸಚಿವರು ಸಿನ್ಹಾ. ಹೋಗಿದ್ದು 20 ಟನ್. ಅದು ರಿಸರ್ವ್ ಬ್ಯಾಂಕಿನ ಚಿನ್ನ ಅಲ್ಲ. ಕಳ್ಳಸಾಗಣೆದಾರರಿಂದ ಹಿಡಿದು ಸರ್ಕಾರ ಇಟ್ಟುಕೊಂಡಿದ್ದ ಚಿನ್ನ. ಅದನ್ನು ಸ್ಟೇಟ್ ಬ್ಯಾಂಕ್ ಮೂಲಕ ಯೂನಿಯನ್ ಬ್ಯಾಂಕ್ ಆಫ್ ಸ್ವಿಟ್ಜರ್ಲೆಂಡ್‌ಗೆ ಕೊಟ್ಟರು. ಕಾಗದದ ಮೇಲೆ ಅದು ಮಾರಾಟ. ಆದರೆ ಆರು ತಿಂಗಳಲ್ಲಿ ಮತ್ತೆ ಕೊಂಡುಕೊಳ್ಳುವ ಹಕ್ಕು ನಮ್ಮದೇ. ಬಂದ ಹಣ ಸುಮಾರು 20 ಕೋಟಿ ಡಾಲರ್.

ಎರಡನೆಯದು 1991ರ ಜುಲೈ. ಅಷ್ಟರಲ್ಲಿ ಸರ್ಕಾರ ಬದಲಾಗಿತ್ತು. ನರಸಿಂಹರಾವ್ ಪ್ರಧಾನಿ, ಮನಮೋಹನ್ ಸಿಂಗ್ ಹಣಕಾಸು ಸಚಿವರು. ಈ ಸಲ ರಿಸರ್ವ್ ಬ್ಯಾಂಕಿನ ಸ್ವಂತ ಚಿನ್ನ, ಸುಮಾರು 47 ಟನ್. ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್ ಹತ್ತಿರ ಅಡ ಇಟ್ಟು ಸುಮಾರು 40 ಕೋಟಿ ಡಾಲರ್ ತಂದರು. ಜನರ ನೆನಪಿನಲ್ಲಿರುವ ಚಿನ್ನ ಹೊತ್ತ ವಿಮಾನ, ಪತ್ರಿಕೆಯಲ್ಲಿ ಬಂದ ಸುದ್ದಿ, ಸಂಸತ್ತಿನ ಗದ್ದಲ, ಎಲ್ಲವೂ ಈ ಎರಡನೆಯದರದು.

ಹಾಗಾಗಿ ನಿಮ್ಮ ಜಗಲಿಯಲ್ಲಿ ಎಲ್ಲರೂ ಅರ್ಧರ್ಧ ಸರಿ!

ಹಳೇ ಲೆಡ್ಜರ್

ನಾನು ಆಗ ಬ್ಯಾಂಕಿನ ವಿದೇಶಿ ವಿನಿಮಯ ಸೆಕ್ಷನ್‌ನಲ್ಲಿದ್ದೆ. ನಿವೃತ್ತನಾಗಿ ಬಹಳ ವರ್ಷ ಆಯಿತು. ಬ್ಯಾಂಕಿನ ಹೆಸರು ಬೇಡ.

ಚಿನ್ನದ ಮಾತು ಎಲ್ಲರಿಗೂ ಗೊತ್ತು. ಕೌಂಟರ್‌ನಲ್ಲಿ ಕಂಡದ್ದು ಬೇರೆ. ಹೊರದೇಶದಿಂದ ಮಾಲು ತರಿಸಬೇಕಾದರೆ ಗಿರಾಕಿ ನಮ್ಮ ಹತ್ತಿರ ಎಲ್‌ಸಿ (ಮಾರುವವರಿಗೆ ಹಣ ಕೊಡುತ್ತೇವೆ ಅಂತ ಬ್ಯಾಂಕ್ ಬರೆದುಕೊಡುವ ಖಾತರಿ ಪತ್ರ) ತೆರೆಯಬೇಕು. ಅದಕ್ಕೆ ಒಂದಿಷ್ಟು ಮಾರ್ಜಿನ್ ಹಣ ಕಟ್ಟಬೇಕು. 1990ರ ಅಕ್ಟೋಬರ್‌ನಲ್ಲಿ ಆ ಮಾರ್ಜಿನ್ ಶೇ 50 ಮಾಡಿದರು. ಮಾರ್ಚ್‌ನಲ್ಲಿ ಮತ್ತೆ ಏರಿತು. ಏಪ್ರಿಲ್ 1991ರಲ್ಲಿ ಶೇ 200.

ಅಂದರೆ ಏನು ಗೊತ್ತಾ? ಒಂದು ಲಕ್ಷದ ಮಾಲು ತರಿಸಲು ಎರಡು ಲಕ್ಷ ನಗದು ಬ್ಯಾಂಕಿನಲ್ಲಿ ಇಟ್ಟು ಕೂರಬೇಕು. ಆ ದುಡ್ಡು ಅಲ್ಲೇ ಕೊಳೆಯಬೇಕು.

ಒಬ್ಬರು ಸಣ್ಣ ಕಾರ್ಖಾನೆಯವರು ಬರುತ್ತಿದ್ದರು. ಬೇರಿಂಗ್ ಬೇಕು ಅವರಿಗೆ. ಸರ್ಕ್ಯುಲರ್ ಓದಿ ಹೇಳಿದೆ. ಅವರು ಕೈಯಲ್ಲಿದ್ದ ಪ್ರೊಫಾರ್ಮಾ ಇನ್‌ವಾಯ್ಸ್ (ಮಾರುವವರು ಮೊದಲೇ ಕಳಿಸುವ ದರದ ಪಟ್ಟಿ) ಅನ್ನು ನಿಧಾನಕ್ಕೆ ನಾಲ್ಕು ಮಡಿಕೆ ಮಾಡಿದರು. ಶರ್ಟಿನ ಜೇಬಿಗೆ ಹಾಕಿಕೊಂಡರು. ‘ಸರಿ ಸಾರ್, ಹಳೇ ಬೇರಿಂಗೇ ತೊಳೆದು ಹಾಕ್ತೀನಿ’ ಅಂದರು. ಬೈಯಲಿಲ್ಲ, ಕೂಗಾಡಲಿಲ್ಲ. ಆ ಮಡಿಚಿದ ಕಾಗದ ಇನ್ನೂ ಕಣ್ಣ ಮುಂದಿದೆ ನನಗೆ.

ದೇಶ ಆಮದನ್ನು ಹಿಚುಕಿ ಹಿಚುಕಿ ಡಾಲರ್ ಉಳಿಸುತ್ತಿತ್ತು. ಆ ಕುರ್ಚಿಯಲ್ಲಿ ಯಾರೇ ಕೂತಿದ್ದರೂ ಇದನ್ನೇ ಮಾಡಬೇಕಿತ್ತು ಅಂತ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಪಡುಗಡಲು

ಲೆಡ್ಜರ್ ಸರ್ ಬರೆದದ್ದು ಓದಿ ನಮ್ಮ ಮಾವ ನೆನಪಾದರು. ಅವರು ಕುವೈತ್‌ನಲ್ಲಿದ್ದರು. 1990ರ ಆಗಸ್ಟ್ 2ರಂದು ಇರಾಕ್ ಸೈನ್ಯ ಒಳಗೆ ನುಗ್ಗಿತು. ಮಾವ ಜೋರ್ಡಾನಿನ ಅಮ್ಮಾನ್‌ಗೆ ಹೇಗೋ ಬಂದು, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಬಂದರು. ಒಂದು ಬ್ಯಾಗು, ಒಂದು ಬಿಸ್ಕತ್ ಡಬ್ಬಿ. ಡಬ್ಬಿಯೊಳಗೆ ಕುವೈತಿ ದಿನಾರ್ ನೋಟು. ಇಲ್ಲಿ ಯಾರೂ ಅದನ್ನು ತೆಗೆದುಕೊಳ್ಳಲಿಲ್ಲ. ಅತ್ತೆ ಆ ಡಬ್ಬಿಯನ್ನು ದೇವರ ಕೋಣೆಯಲ್ಲಿ ಇಟ್ಟಿದ್ದರು.

ಹಾಗೆ ಬಂದವರು ಸುಮಾರು 1,70,000 ಜನ. ಅವರೆಲ್ಲ ತಿಂಗಳು ತಿಂಗಳು ಮನೆಗೆ ಕಳಿಸುತ್ತಿದ್ದ ದುಡ್ಡು ನಿಂತಿತು. ಅದೇ ಹೊತ್ತಿಗೆ ತೈಲದ ಬೆಲೆ ಏರಿತು. ಒಂದು ಕಡೆ ಬರುವುದು ಕಡಿಮೆ, ಇನ್ನೊಂದು ಕಡೆ ಹೋಗುವುದು ಜಾಸ್ತಿ. ಇದು ಸಿನ್ಹಾ ಸಚಿವರಾಗುವುದಕ್ಕೆ ಮೂರು ತಿಂಗಳ ಮೊದಲೇ ಶುರುವಾದದ್ದು.

ಖಡಕ್ ಮಾತು

ಎಲ್ಲರೂ ಕರುಣೆ ತೋರಿಸುತ್ತಿದ್ದೀರಿ. ನಾನು ಒಪ್ಪುವುದಿಲ್ಲ.

ಆ ಸರ್ಕಾರಕ್ಕೆ ಸ್ವಂತದ್ದು ಸುಮಾರು 60 ಸಂಸದರು. ಹೊರಗಿನಿಂದ ಕಾಂಗ್ರೆಸ್ ಬೆಂಬಲ. ಯಾವ ಗಳಿಗೆಯಲ್ಲಿ ಬೇಕಾದರೂ ಬೀಳುತ್ತದೆ ಅಂತ ಚಿಕ್ಕ ಮಕ್ಕಳಿಗೂ ಗೊತ್ತಿತ್ತು. ಖಜಾನೆ ಖಾಲಿ ಅಂತಲೂ ಗೊತ್ತಿತ್ತು. ಅಂಥ ಹೊತ್ತಿನಲ್ಲಿ ಹಣಕಾಸು ಖಾತೆ ಯಾಕೆ ತೆಗೆದುಕೊಂಡರು? ಸ್ಥಾನದ ಆಸೆ ಅಲ್ವಾ?

1989ರಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಪ್ರಧಾನಿಯಾದ ವಿ.ಪಿ. ಸಿಂಗ್, ಸಿನ್ಹಾ ಅವರನ್ನು ರಾಜ್ಯ ಖಾತೆ ಸಚಿವರನ್ನಾಗಿ (ಸಂಪುಟ ದರ್ಜೆಗಿಂತ ಕೆಳಗಿನ ಸ್ಥಾನ) ಮಾಡಲು ಕರೆದರು. ಪ್ರಮಾಣವಚನಕ್ಕೆ ಅಂತ ರಾಷ್ಟ್ರಪತಿ ಭವನದವರೆಗೆ ಹೋದವರು, ಕೊಡುತ್ತಿರುವುದು ರಾಜ್ಯ ಖಾತೆ ಮಾತ್ರ ಅಂತ ಗೊತ್ತಾಗಿ ತಿರುಗಿ ಬಂದರು. ಸ್ಥಾನದ ಲೆಕ್ಕ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಒಂದು ವರ್ಷದ ನಂತರ ಸಂಪುಟ ದರ್ಜೆ ಸಿಕ್ಕಿತು, ಅದೂ ಹಣಕಾಸು. ಹಿಂದೆ ಮುಂದೆ ನೋಡಲಿಲ್ಲ. ಆಮೇಲೆ ಕಷ್ಟಕಾಲ ಅಂತ ಅಂದರೆ ಹೇಗೆ?

ತುಂಗಾತೀರ

ಖಡಕ್ ಅವರೇ, ಸ್ಥಾನದ ಆಸೆ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ರಾಜಕಾರಣಕ್ಕೆ ಬಂದವರಿಗೆ ಅದು ಇದ್ದೇ ಇರುತ್ತದೆ. ಆದರೆ ಈ ಮನುಷ್ಯನ ಹಾದಿ ಸ್ವಲ್ಪ ನೋಡಿ.

1937ರಲ್ಲಿ ಪಟ್ನಾದಲ್ಲಿ ಹುಟ್ಟಿದರು. ರಾಜ್ಯಶಾಸ್ತ್ರ ಓದಿ ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಪಾಠ ಹೇಳಿದರು. 1960ರಲ್ಲಿ ಐಎಎಸ್ ಸೇರಿದರು. ಬಿಹಾರದಲ್ಲಿ ಕೆಲಸ, ಜರ್ಮನಿಯ ಬಾನ್ ಮತ್ತು ಫ್ರಾಂಕ್‌ಫರ್ಟ್‌ನಲ್ಲಿ ಕೆಲಸ. 1977ರ ಹೊತ್ತಿಗೆ ಬಿಹಾರದ ಮುಖ್ಯಮಂತ್ರಿ ಕರ್ಪೂರಿ ಠಾಕೂರ್ ಅವರ ಪ್ರಧಾನ ಕಾರ್ಯದರ್ಶಿ. 24 ವರ್ಷ ನೌಕರಿ ಮಾಡಿ 1984ರಲ್ಲಿ ರಾಜೀನಾಮೆ ಕೊಟ್ಟು ಜನತಾ ಪಕ್ಷ ಸೇರಿದರು.

ಗಮನಿಸಿ, 1984. ಆ ವರ್ಷದ ಕೊನೆಗೆ ನಡೆದ ಚುನಾವಣೆಯಲ್ಲಿ ಕಾಂಗ್ರೆಸ್ 400ಕ್ಕೂ ಹೆಚ್ಚು ಸ್ಥಾನ ಗೆದ್ದಿತು. ಜನತಾ ಪಕ್ಷ ನೆಲ ಕಚ್ಚಿತು. ಬರೀ ಕುರ್ಚಿ ಬೇಕಾದವನು ಅಷ್ಟು ದೊಡ್ಡ ನೌಕರಿ ಬಿಟ್ಟು ಮುಳುಗುತ್ತಿರುವ ದೋಣಿ ಹತ್ತುತ್ತಾನಾ? ಪಕ್ಷದ ನಾಯಕ ಚಂದ್ರಶೇಖರ್ ಮೇಲಿನ ನಂಬಿಕೆಯಿಂದ ಬಂದರು. 1990ರಲ್ಲಿ ಅದೇ ಚಂದ್ರಶೇಖರ್ ಕರೆದಾಗ ಇಲ್ಲ ಅನ್ನಲಾಗಲಿಲ್ಲ. ನನಗೆ ಹಾಗೆ ಕಾಣುತ್ತದೆ.

ಬೆಳಗಿನ ರೈಲು

ಅವರ ಐಎಎಸ್ ಕಾಲದ ಒಂದು ಕತೆ ಇದೆ. ಆಗಿನ ಬಿಹಾರದ ಸಂತಾಲ್ ಪರಗಣದಲ್ಲಿ ಜಿಲ್ಲಾಧಿಕಾರಿಯಾಗಿದ್ದಾಗ ಮುಖ್ಯಮಂತ್ರಿ ಬಂದರು. ಜನರ ಎದುರಿಗೇ ಇವರನ್ನು ತರಾಟೆಗೆ ತೆಗೆದುಕೊಂಡರು. ನೀವು ಐಎಎಸ್ ಆಗಲಾರಿರಿ, ಆದರೆ ನಾನು ಒಂದು ದಿನ ಮುಖ್ಯಮಂತ್ರಿ ಆಗಬಹುದು ಅನ್ನುವ ಅರ್ಥದ ಮಾತನ್ನು ಸಿನ್ಹಾ ಹೇಳಿ ಬಂದರಂತೆ. ಅವರೇ ಇದನ್ನು ಹಲವು ಕಡೆ ಹೇಳಿಕೊಂಡಿದ್ದಾರೆ. ಮುಖ್ಯಮಂತ್ರಿ ಆಗಲಿಲ್ಲ ಬಿಡಿ. ಆದರೆ ಮನುಷ್ಯನ ಸ್ವಭಾವ ಗೊತ್ತಾಗುತ್ತದೆ. ಅಂಜುವವರಲ್ಲ.

ಅಂಚೆಪೆಟ್ಟಿಗೆ

ನನಗೆ ಒಂದು ಪ್ರಶ್ನೆ. ಲೇಖಾನುದಾನ (ಕೆಲವು ತಿಂಗಳ ಖರ್ಚಿಗೆ ಸಂಸತ್ತಿನ ಅನುಮತಿ) ಮಾತ್ರ ತೆಗೆದುಕೊಂಡರು, ಪೂರ್ಣ ಬಜೆಟ್ ಮಂಡಿಸಲಿಲ್ಲ ಅಂತಾರಲ್ಲ. ಯಾಕೆ? ಫೆಬ್ರವರಿಯಲ್ಲಿ ಸರ್ಕಾರ ಇನ್ನೂ ಬಿದ್ದಿರಲಿಲ್ಲ ಅಲ್ವಾ?

ಕಾಮರ್ಸ್ ಮೇಷ್ಟ್ರು

ಬಿದ್ದಿರಲಿಲ್ಲ. ಆದರೆ ಕಾಂಗ್ರೆಸ್ ಪೂರ್ಣ ಬಜೆಟ್ ಮಂಡಿಸಲು ಬಿಡಲಿಲ್ಲ. ನನ್ನ ಪ್ರಕಾರ ಆ ಏಳು ತಿಂಗಳಲ್ಲಿ ಅತಿ ಮುಖ್ಯವಾದ ಸಂಗತಿ ಇದೇ. ಚಿನ್ನಕ್ಕಿಂತ ಮುಖ್ಯ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

1991ರ ಜನವರಿಯಲ್ಲಿ ವಿದೇಶಿ ವಿನಿಮಯ ಸುಮಾರು 120 ಕೋಟಿ ಡಾಲರ್‌ಗೆ ಇಳಿಯಿತು. ಎರಡು ವಾರದ ಆಮದಿಗೆ ಸಾಕಾಗುವಷ್ಟು. ಅದೇ ತಿಂಗಳು ಐಎಂಎಫ್‌ನಿಂದ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಸುಮಾರು 180 ಕೋಟಿ ಡಾಲರ್ ಸಾಲ ಸಿಕ್ಕಿತು. ಅದು ತುರ್ತಿನ ಉಸಿರು ಅಷ್ಟೇ. ಮುಂದಿನ ದೊಡ್ಡ ಸಾಲ ಬೇಕಾದರೆ ಸರ್ಕಾರ ತನ್ನ ಖರ್ಚು ಹೇಗೆ ಇಳಿಸುತ್ತದೆ ಅಂತ ತೋರಿಸಬೇಕು. ತೋರಿಸುವುದು ಎಲ್ಲಿ? ಬಜೆಟ್‌ನಲ್ಲಿ.

ಹಾಗಾಗಿ ಬಜೆಟ್ ಸುಮ್ನೆ ಒಂದು ವಾರ್ಷಿಕ ಸಂಪ್ರದಾಯ ಆಗಿರಲಿಲ್ಲ. ಸಾಲ ಕೊಡುವವನ ಮುಂದೆ ಇಡಬೇಕಾದ ಕಾಗದ ಅದು. ಸಚಿವಾಲಯದಲ್ಲಿ ಅದರ ತಯಾರಿ ನಡೆದಿತ್ತು. ಕಾಂಗ್ರೆಸ್ ಬೇಡ ಅಂದಿತು. ಸಿನ್ಹಾ ಮಾರ್ಚ್ 4ರಂದು ಮಧ್ಯಂತರ ಬಜೆಟ್ ಮಂಡಿಸಬೇಕಾಯಿತು. ಎರಡೇ ದಿನಕ್ಕೆ, ಮಾರ್ಚ್ 6ರಂದು, ರಾಜೀವ್ ಗಾಂಧಿ ಮನೆ ಹತ್ತಿರ ಹರಿಯಾಣದ ಇಬ್ಬರು ಪೊಲೀಸರು ಬೇಹುಗಾರಿಕೆ ಮಾಡುತ್ತಿದ್ದರು ಅನ್ನುವ ಗಲಾಟೆಯಲ್ಲಿ ಚಂದ್ರಶೇಖರ್ ರಾಜೀನಾಮೆ ಕೊಟ್ಟರು.

ಪೂರ್ಣ ಬಜೆಟ್ ಇಲ್ಲ ಅಂದ ಮೇಲೆ ಹೊರಗಿನವರ ನಂಬಿಕೆ ಕುಸಿಯಿತು. ದೇಶದ ಸಾಲದ ರೇಟಿಂಗ್ ಇಳಿಯಿತು. ಅನಿವಾಸಿ ಭಾರತೀಯರು ಇಲ್ಲಿಟ್ಟ ಠೇವಣಿ ವಾಪಸ್ ತೆಗೆಯುತ್ತಿದ್ದರು. ಅಲ್ಪಾವಧಿ ಸಾಲ ಕೊಡುತ್ತಿದ್ದ ವಿದೇಶಿ ಬ್ಯಾಂಕುಗಳು ನವೀಕರಿಸಲು ಹಿಂದೇಟು ಹಾಕಿದವು. ಮೇ ತಿಂಗಳ ಚಿನ್ನ ಬಂದಿದ್ದು ಈ ಸರಪಳಿಯ ಕೊನೆಗೆ.

ಖಡಕ್ ಮಾತು

ಮೇಷ್ಟ್ರೇ, ಈ ಭಾಗ ನನಗೆ ಇಷ್ಟು ಸ್ಪಷ್ಟವಾಗಿ ಗೊತ್ತಿರಲಿಲ್ಲ. ಆದರೂ ಒಂದು ಮಾತು. ಪೂರ್ಣ ಬಜೆಟ್ ಮಂಡಿಸಲು ಬಿಡದಿದ್ದರೆ ಅವತ್ತೇ ರಾಜೀನಾಮೆ ಕೊಡಬಹುದಿತ್ತಲ್ಲ? ಕೈಕಟ್ಟಿ ಹಾಕಿದ ಮೇಲೂ ಕೂತಿದ್ದು ಯಾಕೆ?

ಹಳೇ ಲೆಡ್ಜರ್

ಖಡಕ್ ಅವರೇ, ಬೇಸರ ಮಾಡಿಕೊಳ್ಳಬೇಡಿ. ಆ ದಿನಗಳಲ್ಲಿ ಪ್ರತಿ ಸಂಜೆ ಇವತ್ತು ಎಷ್ಟು ಡಾಲರ್ ಉಳಿದಿದೆ, ನಾಳೆ ಯಾರಿಗೆ ಕಟ್ಟಬೇಕು ಅಂತ ಲೆಕ್ಕ ಮಾಡುವ ಪರಿಸ್ಥಿತಿ. ಸಚಿವರು ರಾಜೀನಾಮೆ ಎಸೆದು ಹೋದರೆ ಸಾಲ ಕೊಟ್ಟವರು ಮರುದಿನವೇ ಬಾಗಿಲು ತಟ್ಟುತ್ತಾರೆ. ಉಳಿದದ್ದೇ ಸರಿ ಅಂತ ನನ್ನ ಅಭಿಪ್ರಾಯ.

ರಿಸರ್ವ್ ಬ್ಯಾಂಕ್ ಗವರ್ನರ್ ಎಸ್. ವೆಂಕಿಟರಮಣನ್ ಅವರ ಹೆಸರನ್ನೂ ಇಲ್ಲಿ ಹೇಳಬೇಕು. 1990ರ ಡಿಸೆಂಬರ್‌ನಲ್ಲಿ ಬಂದರು. ಹಣಕಾಸು ಕಾರ್ಯದರ್ಶಿಯಾಗಿದ್ದವರು, ಆಮೇಲೆ ನಮ್ಮ ಕರ್ನಾಟಕ ಸರ್ಕಾರಕ್ಕೆ ಸಲಹೆಗಾರರಾಗಿದ್ದವರು. ಆ ಎರಡೂ ಸಲದ ಚಿನ್ನದ ಕೆಲಸದಲ್ಲೂ ಗವರ್ನರ್ ಅವರೇ. ಮಂತ್ರಿ ಬದಲಾದರು, ಗವರ್ನರ್ ಬದಲಾಗಲಿಲ್ಲ.

ತುಂಗಾತೀರ

ಮೇ ತಿಂಗಳು ಹೊರಗೆ ಹೋದ ಚಿನ್ನದ ಫೈಲ್ ಬಗ್ಗೆ ಸಿನ್ಹಾ ಅವರೇ ಹೇಳಿಕೊಂಡಿದ್ದಾರೆ. ಚುನಾವಣೆ ಘೋಷಣೆಯಾಗಿತ್ತು. ಅವರು ಪಟ್ನಾದಲ್ಲಿ ಪ್ರಚಾರದಲ್ಲಿದ್ದರು. ಸಚಿವಾಲಯದಿಂದ ಒಬ್ಬ ಅಧಿಕಾರಿ ಫೈಲ್ ಹಿಡಿದುಕೊಂಡು ಅಲ್ಲಿಗೇ ಬಂದರು. ಅಲ್ಲಿಯೇ ಓದಿ ಸಹಿ ಹಾಕಿದರು.

ನಾನು ಈ ದೃಶ್ಯವನ್ನು ಎಷ್ಟೋ ಸಲ ಯೋಚಿಸಿದ್ದೇನೆ. ಹೊರಗೆ ಮೈಕು, ಬ್ಯಾನರು, ಮತ ಕೇಳಲು ಕಾಯುತ್ತಿರುವ ಜನ. ಒಳಗೆ ಒಂದು ಹಾಳೆ. ಅದರಲ್ಲಿ ಬರೆದದ್ದು ಹೊರಗೆ ಬಂದರೆ ಒಂದು ಮತವೂ ಬೀಳದು. ನಮ್ಮ ಜನರಿಗೆ ಚಿನ್ನ ಅಂದರೆ ಏನು ಅಂತ ಎಲ್ಲರಿಗೂ ಗೊತ್ತು.

ನಮ್ಮ ಅಮ್ಮ ಒಂದು ಸಲ ಸರ ಗಿರವಿ ಇಟ್ಟಿದ್ದರು. ಅಕ್ಕನ ಫೀಸಿಗೆ. ಅಂಗಡಿಗೆ ಹೋಗುವ ಮೊದಲು ಕತ್ತಿನ ಸುತ್ತ ಸೆರಗು ಬಿಗಿದುಕೊಂಡರು, ಬರುವಾಗಲೂ ಹಾಗೇ. ಬೀದಿಯಲ್ಲಿ ಯಾರಿಗೂ ಬರಿಗತ್ತು ಕಾಣಬಾರದು. ಚೀಟಿಯನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರು. ಎಂಟು ತಿಂಗಳಾದ ಮೇಲೆ ಬಿಡಿಸಿಕೊಂಡು ಬಂದರು. ಆ ಎಂಟು ತಿಂಗಳು ಯಾವ ಮದುವೆಗೂ ಹೋಗಲಿಲ್ಲ.

ಅಮ್ಮ ಸರ ಕಳೆದರು ಅಂತ ನಾವು ಯಾವತ್ತೂ ಹೇಳಲಿಲ್ಲ. ಅಕ್ಕನನ್ನು ಓದಿಸಿದರು ಅಂತಲೇ ಹೇಳುತ್ತೇವೆ. ಅದಕ್ಕೇ ದೊಡ್ಡಪ್ಪನ ಮಾತು ನನಗೆ ಚುಚ್ಚಿತು.

ಅಂಚೆಪೆಟ್ಟಿಗೆ

ಓದಿ ಕಣ್ಣು ತುಂಬಿತು ತುಂಗಾತೀರ ಅವರೇ.

ಪಡುಗಡಲು

ನಮ್ಮ ಅತ್ತೆಯೂ ಹಾಗೇ. ಬಳೆ ಇಟ್ಟಿದ್ದರು. ಮಾವ ಬಂದ ಮೇಲೆ ಮನೆ ನಡೆದದ್ದು ಅದರಿಂದಲೇ.

ಖಡಕ್ ಮಾತು

ಒಪ್ಪಿದೆ, ಸಹಿ ಹಾಕಲು ಧೈರ್ಯ ಬೇಕು. ಹಂಗಾಮಿ ಸರ್ಕಾರದಲ್ಲಿದ್ದುಕೊಂಡು ‘ಮುಂದಿನವರು ನೋಡಿಕೊಳ್ಳಲಿ’ ಅಂತ ಫೈಲ್ ತಳ್ಳಬಹುದಿತ್ತು. ತಳ್ಳಲಿಲ್ಲ. ಅದು ಅವರಿಗೆ ಸಲ್ಲಬೇಕು.

ಆದರೆ ನನ್ನ ಎರಡನೇ ತಕರಾರು ಹಾಗೇ ಇದೆ. ಅಮ್ಮ ಸರ ಇಡುವುದು ಬೇರೆ. ದೇಶದ ಸರ ಇಡುವಾಗ ಜನರಿಗೆ ಹೇಳಬೇಕಿತ್ತು. ಜುಲೈ ತಿಂಗಳದ್ದು ಪತ್ರಿಕೆಯಲ್ಲಿ ಬಂದ ಮೇಲೆ ತಾನೆ ಗೊತ್ತಾಗಿದ್ದು? ಅಕ್ಕಿ ಡಬ್ಬಿಯಲ್ಲಿ ಚೀಟಿ ಹೂತಿಡುವುದು ಮನೆಯಲ್ಲಿ ಸರಿ. ಸರ್ಕಾರದಲ್ಲಿ ಸರಿಯಲ್ಲ.

ಕಾಮರ್ಸ್ ಮೇಷ್ಟ್ರು

ಇದು ತೂಕದ ಮಾತು. ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಮೊದಲೇ ಹೇಳಿದ್ದರೆ ಠೇವಣಿ ಇಟ್ಟವರು ಇನ್ನೂ ಗಾಬರಿಯಾಗಿ ಓಡುತ್ತಿದ್ದರು. ಸಾಲ ಕೊಡುವವರು ಇನ್ನೂ ಬಿಗಿ ಮಾಡುತ್ತಿದ್ದರು. ಆದರೆ ಮುಗಿದ ಮೇಲಾದರೂ ಸರ್ಕಾರವೇ ಮುಂದೆ ಬಂದು ಹೇಳಬೇಕಿತ್ತು. ಪತ್ರಕರ್ತರು ಹುಡುಕಿ ಬರೆಯುವ ತನಕ ಕಾಯಬಾರದಿತ್ತು. ಅದರಲ್ಲಿ ಎರಡೂ ಸರ್ಕಾರಗಳ ತಪ್ಪಿದೆ.

ಅಂದ ಹಾಗೆ, ಆ ಚಿನ್ನ ಕಳೆದುಹೋಗಲಿಲ್ಲ. ಜುಲೈನಲ್ಲಿ ಇಟ್ಟು ತಂದ ಸಾಲವನ್ನು ಆ ವರ್ಷದ ಕೊನೆಯೊಳಗೇ ತೀರಿಸಿದರು. 2009ರಲ್ಲಿ ರಿಸರ್ವ್ ಬ್ಯಾಂಕ್ ಐಎಂಎಫ್‌ನಿಂದಲೇ 200 ಟನ್ ಚಿನ್ನ ಕೊಂಡಿತು, 670 ಕೋಟಿ ಡಾಲರ್ ಕೊಟ್ಟು. ನಿಮ್ಮ ದೊಡ್ಡಪ್ಪನಿಗೆ ಇದನ್ನೂ ಹೇಳಿ.

ಬೆಳಗಿನ ರೈಲು

ಕಡಿಮೆ ದಿನ ಇದ್ದ ಹಣಕಾಸು ಸಚಿವರು ಬೇರೆಯವರೂ ಇದ್ದಾರಲ್ಲ? 1948ರಲ್ಲಿ ಕೆ.ಸಿ. ನಿಯೋಗಿ 35 ದಿನ. 1979ರಲ್ಲಿ ಹೇಮವತಿ ನಂದನ ಬಹುಗುಣ ಮೂರು ತಿಂಗಳಿಗೂ ಕಡಿಮೆ. 1996ರಲ್ಲಿ ವಾಜಪೇಯಿ ಅವರ 13 ದಿನದ ಸರ್ಕಾರದಲ್ಲಿ ಜಸ್ವಂತ್ ಸಿಂಗ್. ಇವರ್‍ಯಾರಿಗೂ ಆ ಅವಧಿಯಲ್ಲಿ ಬಜೆಟ್ ಮಂಡಿಸುವ ಅವಕಾಶ ಸಿಗಲಿಲ್ಲ. ಆದರೆ ಇವರ ಕಾಲದಲ್ಲಿ ಬೆಂಕಿ ಇರಲಿಲ್ಲ. ಸಿನ್ಹಾ ಪಾಲಿಗೆ ಅವಧಿಯೂ ಚಿಕ್ಕದು, ಬೆಂಕಿಯೂ ದೊಡ್ಡದು.

ಸಣ್ಣ ಉಳಿತಾಯ

ಸಿನ್ಹಾ ಎರಡನೇ ಸಲ ಹಣಕಾಸು ಸಚಿವರಾದ ಬಗ್ಗೆ ಯಾರೂ ಬರೆಯಲಿಲ್ಲ. 1998ರಿಂದ 2002. ನನಗೆ ಅದೇ ಜಾಸ್ತಿ ನೆನಪು.

ಒಳ್ಳೆಯದು ಬಹಳ ಇದೆ. 1998ರ ಮೇ ತಿಂಗಳಲ್ಲಿ ಪೋಖ್ರಾನ್ ಅಣು ಪರೀಕ್ಷೆ, ಹಿಂದೆಯೇ ನಿರ್ಬಂಧ. ಮತ್ತೆ ಡಾಲರ್ ಭಯ. ಆಗ ಸ್ಟೇಟ್ ಬ್ಯಾಂಕ್ ಮೂಲಕ ಅನಿವಾಸಿ ಭಾರತೀಯರಿಗೆ ರಿಸರ್ಜೆಂಟ್ ಇಂಡಿಯಾ ಬಾಂಡ್ ಕೊಟ್ಟು 420 ಕೋಟಿ ಡಾಲರ್ ತಂದರು. 1991ರಲ್ಲಿ ಠೇವಣಿ ಹಿಂದೆ ತೆಗೆದುಕೊಂಡು ಓಡುತ್ತಿದ್ದವರೂ ಅನಿವಾಸಿಗಳೇ, 1998ರಲ್ಲಿ ದುಡ್ಡು ಕೊಟ್ಟವರೂ ಅನಿವಾಸಿಗಳೇ. ಆ ಏಳು ತಿಂಗಳ ಪಾಠ ಸಿನ್ಹಾ ಮರೆತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ಬ್ರಿಟಿಷರ ಕಾಲದಿಂದ ಸಂಜೆ 5 ಗಂಟೆಗೆ ಓದುತ್ತಿದ್ದ ಬಜೆಟ್ಟನ್ನು 1999ರಲ್ಲಿ ಬೆಳಿಗ್ಗೆ 11ಕ್ಕೆ ತಂದರು. ಡೀಸೆಲ್, ಪೆಟ್ರೋಲ್ ಮೇಲೆ ಲೀಟರಿಗೆ 1 ರೂಪಾಯಿ ಸೆಸ್ ಹಾಕಿ ಹೆದ್ದಾರಿಗೆ ಕೊಟ್ಟರು. ಗೃಹಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ 1.5 ಲಕ್ಷಕ್ಕೆ ಏರಿಸಿದರು. ನಮ್ಮ ಓಣಿಯಲ್ಲಿ ಎಷ್ಟು ಮನೆ ಆ ವರ್ಷಗಳಲ್ಲಿ ಎದ್ದವು!

ಕಹಿಯೂ ಇದೆ. ಪಿಪಿಎಫ್ ಬಡ್ಡಿ ಶೇ 12 ಇದ್ದದ್ದು 11, 9.5, ಕೊನೆಗೆ 9ಕ್ಕೆ ಬಂತು. ಎರಡೇ ವರ್ಷ ಚಿಲ್ಲರೆಯಲ್ಲಿ. ಬಡ್ಡಿಯನ್ನೇ ನಂಬಿದ್ದ ವಯಸ್ಸಾದವರಿಗೆ ದೊಡ್ಡ ಪೆಟ್ಟು. 2001ರ ಜುಲೈನಲ್ಲಿ ಯೂನಿಟ್ ಟ್ರಸ್ಟ್‌ನವರು ತಮ್ಮ ಯುಎಸ್-64 ಹೂಡಿಕೆ ಯೋಜನೆಯ ಕೊಡುಕೊಳ್ಳುವಿಕೆಯನ್ನೇ ನಿಲ್ಲಿಸಿದರು. ಲಕ್ಷಾಂತರ ಮಧ್ಯಮ ವರ್ಗದ ಮನೆಗಳ ಉಳಿತಾಯ ಅದರಲ್ಲಿತ್ತು.

ಖಡಕ್ ಮಾತು

1998ರ ಬಜೆಟ್‌ನಲ್ಲಿ ಯೂರಿಯಾ ಬೆಲೆ ಏರಿಸಿ ಹಿಂದಕ್ಕೆ ತೆಗೆದುಕೊಂಡರಲ್ಲ, ಅದನ್ನೂ ಸೇರಿಸಿ. ‘ರೋಲ್‌ಬ್ಯಾಕ್’ ಸಚಿವ ಅಂತಲೇ ಹೆಸರು ಬಿತ್ತು.

ಸಣ್ಣ ಉಳಿತಾಯ

ಹೌದು. ಆದರೆ ಮಿತ್ರಪಕ್ಷಗಳ ಒತ್ತಡ ಇತ್ತಲ್ಲ. 1991ರಲ್ಲಿ ಹೊರಗಿನ ಕಾಂಗ್ರೆಸ್, 1998ರಲ್ಲಿ ಒಳಗಿನ ಮಿತ್ರರು. ಸಿನ್ಹಾ ಬಯಸಿದ ಬಜೆಟ್ಟನ್ನು ಪೂರ್ತಿ ಮಂಡಿಸಲು ಬಿಟ್ಟವರು ಯಾರೂ ಇಲ್ಲ.

ಅಂಚೆಪೆಟ್ಟಿಗೆ

ಆಮೇಲಿನದು ಎಲ್ಲರಿಗೂ ಗೊತ್ತಿರುವುದೇ. 2002ರ ಜುಲೈನಲ್ಲಿ ಜಸ್ವಂತ್ ಸಿಂಗ್ ಜೊತೆ ಖಾತೆ ಅದಲು ಬದಲು, ವಿದೇಶಾಂಗ ಸಚಿವರು. 2004ರಲ್ಲಿ ಹಜಾರಿಬಾಗ್‌ನಲ್ಲಿ ಸೋಲು, 2009ರಲ್ಲಿ ಗೆಲುವು. 2018ರಲ್ಲಿ ಬಿಜೆಪಿ ಬಿಟ್ಟರು. 2021ರಲ್ಲಿ ತೃಣಮೂಲ. 2022ರಲ್ಲಿ ರಾಷ್ಟ್ರಪತಿ ಚುನಾವಣೆಗೆ ವಿರೋಧ ಪಕ್ಷಗಳ ಅಭ್ಯರ್ಥಿ, ದ್ರೌಪದಿ ಮುರ್ಮು ಎದುರು ಸೋಲು. ನಾನು ಕೇಳಬೇಕು ಅಂದುಕೊಂಡಿದ್ದು ಬೇರೆ. ಮಾರ್ಚ್ 4ರ ಆ ಮಧ್ಯಂತರ ಬಜೆಟ್ ಭಾಷಣ ಓದಲು ಸಿಗುತ್ತದಾ?

ಕಾಮರ್ಸ್ ಮೇಷ್ಟ್ರು

ಸಿಗುತ್ತದೆ. ಕೇಂದ್ರ ಹಣಕಾಸು ಸಚಿವಾಲಯದ ಬಜೆಟ್ ಜಾಲತಾಣದಲ್ಲಿ ಹಳೆಯ ಭಾಷಣಗಳ ಪಟ್ಟಿ ಇದೆ. 1991–92 ಅಂತ ಎರಡು ಕಾಣುತ್ತವೆ. ಒಂದು ಸಿನ್ಹಾ ಅವರ ಮಧ್ಯಂತರ, ಇನ್ನೊಂದು ಜುಲೈ 24ರ ಮನಮೋಹನ್ ಸಿಂಗ್ ಅವರದು. ಎರಡನ್ನೂ ಒಟ್ಟಿಗೆ ಓದಿ. ಮೊದಲನೆಯದನ್ನು ಯಾರೂ ಓದುವುದೇ ಇಲ್ಲ.

ತುಂಗಾತೀರ

ಎರಡು ದಿನ ತೆಗೆದುಕೊಂಡು ಎರಡನ್ನೂ ಓದಿದೆ.

ಲೇಖಾನುದಾನದ ಭಾಷಣ ಅಂದರೆ ಖರ್ಚಿಗೆ ಅನುಮತಿ ಕೇಳಿ ಮುಗಿಸಬಹುದು. ಇವರು ಅಷ್ಟಕ್ಕೇ ನಿಲ್ಲಿಸಿಲ್ಲ. ಆಯ್ದ ಸಾರ್ವಜನಿಕ ಉದ್ದಿಮೆಗಳಲ್ಲಿ ಸರ್ಕಾರದ ಪಾಲಿನ ಶೇ 20ರವರೆಗೆ ಷೇರುಗಳನ್ನು ಮ್ಯೂಚುವಲ್ ಫಂಡ್ ಮತ್ತು ಹಣಕಾಸು ಸಂಸ್ಥೆಗಳಿಗೆ ಮಾರುವ ಮಾತು ಅದರಲ್ಲಿದೆ. ನಾವು ಇವತ್ತು ಬಂಡವಾಳ ಹಿಂತೆಗೆತ ಅಂತ ಕರೆಯುವುದು ಇದನ್ನೇ. ಬೀಳಲು ಎರಡು ದಿನ ಇದ್ದ ಸರ್ಕಾರದ ಭಾಷಣದಲ್ಲಿ ಅದು ಬಂತು. ಜುಲೈನಲ್ಲಿ ಮುಂದಿನ ಸರ್ಕಾರ ಅದೇ ಶೇ 20ರ ಮಾತನ್ನು ಎತ್ತಿಕೊಂಡಿತು.

ಮನಮೋಹನ್ ಸಿಂಗ್ ಅವರ ಹಿರಿಮೆ ಇದರಿಂದ ಕಡಿಮೆಯಾಗುವುದಿಲ್ಲ. ರೂಪಾಯಿ ಅಪಮೌಲ್ಯ ಮಾಡಿದ್ದು, ಲೈಸೆನ್ಸ್ ರಾಜ್ ಕಿತ್ತದ್ದು, ಅದನ್ನು ಸಂಸತ್ತಿನಲ್ಲಿ ನಿಂತು ಸಮರ್ಥಿಸಿದ್ದು ಅವರೇ. ಅವರೂ 1990ರ ಡಿಸೆಂಬರ್‌ನಿಂದ ಕೆಲವು ತಿಂಗಳು ಚಂದ್ರಶೇಖರ್ ಅವರಿಗೆ ಆರ್ಥಿಕ ಸಲಹೆಗಾರರಾಗಿದ್ದರು. ಅದೇ ಕಟ್ಟಡ, ಹೆಚ್ಚು ಕಡಿಮೆ ಅದೇ ಅಧಿಕಾರಿಗಳು, ಅದೇ ಲೆಕ್ಕದ ಪುಸ್ತಕ. ಜೂನ್ 21ಕ್ಕೆ ಕುರ್ಚಿ ಕೈ ಬದಲಾಯಿತು. ಆ ದಿನ ಬಂದವರಿಗೆ ಐದು ವರ್ಷ ಸಿಕ್ಕಿತು. ಹೋದವರಿಗೆ ಸಿಕ್ಕಿದ್ದು ಏಳೇ ತಿಂಗಳು.

ಖಡಕ್ ಅವರೇ, ನಿಮ್ಮ ಒಂದು ಮಾತನ್ನು ನಾನು ಒಪ್ಪಿಕೊಂಡೆ. ಜನರಿಗೆ ಹೇಳಬೇಕಿತ್ತು. ಹೇಳದೆ ಇದ್ದದ್ದರಿಂದಲೇ ಇವತ್ತಿಗೂ ಜಗಲಿಯಲ್ಲಿ ಮೂರು ಜನ ಮೂರು ಹೆಸರು ಹೇಳುತ್ತಾರೆ.

ಖಡಕ್ ಮಾತು

ನಾನೂ ಒಂದು ಒಪ್ಪುತ್ತೇನೆ. ಆಸೆಯಿಂದ ಕುರ್ಚಿ ಹತ್ತಿದರೂ, ಹತ್ತಿದ ಮೇಲೆ ಓಡಿಹೋಗಲಿಲ್ಲ. ಮಾರ್ಚ್ 4ರ ಭಾಷಣ ನಾನು ಇನ್ನೂ ಓದಿಲ್ಲ. ಇವತ್ತು ರಾತ್ರಿ ಓದುತ್ತೇನೆ.

ಹಳೇ ಲೆಡ್ಜರ್

ಆ ಬೇರಿಂಗ್‌ನವರ ಕತೆ ಅರ್ಧಕ್ಕೇ ಬಿಟ್ಟಿದ್ದೆ. ಮಾರ್ಜಿನ್ ಸಡಿಲ ಮಾಡಿದ ಮೇಲೆ ಒಂದು ದಿನ ಮತ್ತೆ ಬಂದರು. ಜೇಬಿನಿಂದ ಅದೇ ನಾಲ್ಕು ಮಡಿಕೆಯ ಕಾಗದ ತೆಗೆದರು. ಮಡಿಕೆಯ ಗೆರೆಯಲ್ಲಿ ಹರಿದಿತ್ತು. ‘ಇದು ನಡೆಯುತ್ತಾ ಸಾರ್, ಇಲ್ಲಾ ಹೊಸದು ತರಿಸಬೇಕಾ?’ ಅಂದರು. ರೂಪಾಯಿ ಅಷ್ಟರಲ್ಲಿ ಇಳಿದಿತ್ತು, ಹಳೇ ದರ ನಡೆಯುವ ಹಾಗಿರಲಿಲ್ಲ. ಹೊಸದು ತರಿಸಿ ಅಂದೆ. ಮರುವಾರ ತಂದರು. ಎಲ್‌ಸಿ ನಾನೇ ಟೈಪ್ ಮಾಡಿಸಿ ಕೊಟ್ಟೆ.